ಬೀಬಿಜಾನಳ ಕಿಟಕಿ

ನಮ್ಮ ಜೈಲಿನಲ್ಲಿ ತಾನಾಗಿಯೇ ಏನಾದರೂ ಕಲಿತವಳ ಕೋಣೆಯ ಕಿಟಕಿ ಅಷ್ಟಷ್ಟೇ ಅಗಲವಾಗುತ್ತದೆ. ಪಕ್ಕದ ಕೋಣೆಯ ಬೀಬಿಜಾನ್ ಸೋಪಿನ ಕಾಗದ ನೋಡಿ ನೋಡಿ ಇಂಗ್ಲಿಷ್ ಅಕ್ಷರ ಕಲಿತಳು, ನಾಲ್ಕು ಬೆರಳು ಅಗಲವಾಯಿತು. ಮಗ್ಗಿ ಕಲಿತಳು, ಒಂದು ಗೇಣಾಯಿತು. ಈಗ ಅವಳಿಗೆ ರಸ್ತೆಯೇ ಕಾಣುತ್ತದಂತೆ! ನನ್ನ ಕಿಟಕಿಯಲ್ಲಿ ಕಾಗೆಯ ಕೊಕ್ಕೂ ತೂರದು. ಅವಳ ದನಿ ಕೇಳಿದರೆ ಸಾಕು, ನನಗೆ ಹೊಟ್ಟೆಯುರಿ.

ಇವತ್ತು ಊಟದ ಹೊತ್ತಿಗೆ ಅವಳೇ ಬಂದು ಪಕ್ಕದಲ್ಲಿ ಕೂತಳು.

“ಕಾಶಕ್ಕಾ, ನಿನ್ನ ಭೇಟಿಗೆ ಬಂದಿದ್ಲಲ್ಲ ಮಗಳು ಗಂಗಿ, ಅಕಿ ದಿನಾ ಸಾಲಿಗೆ ಇದೇ ರಸ್ತೆದಾಗ ಹೋಗ್ತಾಳ. ನನ್ನ ಕಿಟಕಿ ಕಡೆ ಕೈ ಬೀಸ್ತಾಳ. ನಾನೂ ಬೀಸ್ತೀನಿ. ನೀನೇ ಅಂತ ತಿಳ್ಕೊಂಡಾಳ, ಪಾಪ.”

ಶಾಲೆಯ ಹೊತ್ತಿಗೆ ನಮ್ಮೆಲ್ಲರ ಕೋಣೆಗೂ ಬೀಗ. ನಾನು ಅವಳ ಕಿಟಕಿಗೆ ಹೋಗುವ ಹಾಗಿಲ್ಲ.

“ನನ್ನ ಮಗಳಿಗೆ ನೀ ಯಾಕ ಬೀಸ್ತಿ? ನಾಳಿಂದ ಅಲ್ಲಿ ನಿಂತ್ರ ನೋಡು ಮತ್ತ!”

“ಆತು, ನಿಲ್ಲೂದಿಲ್ಲ. ಆದ್ರ ಕೂಸು ಕಾಯ್ತದಲ್ಲ?”

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಆಮೇಲೆ, “ನನಗೂ ಮಗ್ಗಿ ಕಲಿಸು,” ಅಂದೆ.

“ನಾ ಕಲಿಸಿದ್ರ ನಿನ್ನ ಕಿಟಕಿ ಗ್ವಾಡಿ ಒಪ್ಪೂದಿಲ್ಲಕ್ಕಾ. ನೀನೇ ಕಲೀಬೇಕು.”

“ಹಂಗಾದ್ರ ನನ್ನ ಕಿಟಕಿ ಅಗಲ ಆಗೂತನಕ ಬೀಸು. ಆದ್ರ ಎಡಗೈಲೆ ಬೀಸು. ಗಂಗಿ ಅವ್ವ ಎಡಚಿ.”