ತಂಗಿಯ ರಿಪೋರ್ಟು

"ಪ್ಲೇಟ್‌ಲೆಟ್ ಬರೀ ಹದಿನೆಂಟು ಸಾವಿರಾನಾ? ಸಾಧ್ಯಾನೇ ಇಲ್ಲ." ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲೆ ಒಗೆದರು. "ಹೋದ ವಾರ ಎರಡು ಲಕ್ಷದ ಮೇಲಿತ್ತು, ಅದರ ಹಿಂದಿನ ವಾರಾನೂ ಹಾಗೇ. ನಿನ್ನ ಮಿಶಿನ್ನಿಗೆ ತಲೆ ಕೆಟ್ಟಿದೆ ಕಣಯ್ಯ. ಮಾತ್ರೆ ನಡೀಲಿ, ಸೋಮವಾರ ಇನ್ನೊಂದ್ಸಲ ನೋಡೋಣ."

ಲ್ಯಾಬಿನವನು ರಿಪೋರ್ಟನ್ನು ಎತ್ತಿಕೊಂಡ. ಎದುರಿನ ಮಂಚದ ಮೇಲೆ ಅವನ ತಂಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಶುರುವಾದ ರಕ್ತ ಇನ್ನೂ ನಿಂತಿರಲಿಲ್ಲ. ಡಾಕ್ಟರು ಹಾಳೆ ನೋಡಿದರೇ ಹೊರತು ಬಟ್ಟೆ ನೋಡಲಿಲ್ಲ.

ಕಾಲಿನ ಮೂಳೆಯಲ್ಲಿ ಕೀವಾಗಿತ್ತೆಂದು ಅವಳಿಗೆ ಬಲವಾದ ಆಂಟಿಬಯಾಟಿಕ್ ಶುರು ಮಾಡಿ ಮೂರು ವಾರವಾಗಿತ್ತು. ಈ ಮಾತ್ರೆ ಕೆಲವರ ಪ್ಲೇಟ್‌ಲೆಟ್ ಇಳಿಸಿಬಿಡುತ್ತದೆ, ವಾರವಾರ ರಕ್ತಪರೀಕ್ಷೆ ತಪ್ಪಿಸಬೇಡಿ ಎಂದು ಮೊದಲ ದಿನವೇ ಹೇಳಿದ್ದರು. ತಪ್ಪಿಸುವ ಮಾತೆಲ್ಲಿ ಬಂತು, ಸ್ವಂತ ಅಣ್ಣನೇ ಲ್ಯಾಬಿನಲ್ಲಿರುವಾಗ! ಆದರೆ ಸೂಜಿ ಕಂಡರೆ ಸಾಕು, ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. "ಈ ವಾರ ಒಂದು ಬಿಟ್ಬಿಡೋ ಅಣ್ಣಾ" ಎಂದು ಅತ್ತಿದ್ದಳು. ಇವನ ಕರುಳು ಚುರ್ ಎಂದಿತ್ತು. ಮಾತ್ರೆಗೆ ಮುಂಚಿನ ರಿಪೋರ್ಟನ್ನು ಎದುರಿಗಿಟ್ಟುಕೊಂಡು, ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಮ್ಮಿ ಮಾಡಿ, ಎರಡು ವಾರ ಕೂತಲ್ಲೇ ರಿಪೋರ್ಟು ಹೆಣೆದುಕೊಟ್ಟಿದ್ದ. ಇವತ್ತು ಒಸಡಿನ ರಕ್ತ ಕಂಡ ಮೇಲೇ ಹೆದರಿ ನಿಜವಾಗಿ ಚುಚ್ಚಿ ತೆಗೆದಿದ್ದ.

ಈಗ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ತಂಗಿಯೇ ಹೋಗುತ್ತಾಳೆ.

"ಮಿಶಿನ್ ಸರಿಯಾಗಿದೆ ಸಾರ್," ಎಂದ. "ಇದೊಂದೇ ನಿಜವಾದ ರಿಪೋರ್ಟು. ಹಿಂದಿನ ಎರಡು ವಾರ ನಾನು ರಕ್ತಾನೇ ತೆಗೀಲಿಲ್ಲ."

"ಅಣ್ಣಂದೇನೂ ತಪ್ಪಿಲ್ಲ ಡಾಕ್ಟ್ರೇ, ಬೇಡ ಅಂದಿದ್ದು ನಾನೇ," ಎಂದಳು ತಂಗಿ ಬಟ್ಟೆಯ ಒಳಗಿಂದಲೇ.

ಡಾಕ್ಟರು ಚೀಟಿಯಲ್ಲಿದ್ದ ಮಾತ್ರೆಯ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಪ್ಲೇಟ್‌ಲೆಟ್ ತರಿಸಲು ನರ್ಸಮ್ಮನನ್ನು ಓಡಿಸಿದರು. ಆಮೇಲೆ ಲ್ಯಾಬಿನವನ ಕಡೆ ತಿರುಗಿದರು.

"ಈ ವಾರ್ಡಲ್ಲಿ ಇದೇ ಮಾತ್ರೆ ಇನ್ನೂ ಆರು ಜನ ನುಂಗ್ತಾ ಇದ್ದಾರೆ. ಅವರಿಗೂ ಹೀಗೇ ಬರ್ಕೊಟ್ಟಿದ್ದೀಯೇನಯ್ಯಾ?"

"ಅಯ್ಯೋ ಇಲ್ಲ ಸಾರ್, ದೇವರಾಣೆ! ಅವರಿಗೆಲ್ಲ ತಪ್ಪದೆ ಚುಚ್ಚಿ ತೆಗೆದಿದ್ದೀನಿ. ಇವಳೊಬ್ಬಳು ನಮ್ಮವಳು ಅಂತ..."