ಮಾಯದ ಗಾಯ

ಜಲಜ, ಕುಸುಮ ಇಬ್ಬರೂ ಒಂದೇ ಮಾರ್ಕೆಟ್ಟಿನಲ್ಲಿ ಎದುರುಬದುರು ಕೂತು ಮೀನು ಮಾರುವವರು; ಬಾಯಿ ತೆರೆದರೆ ಜಗಳವೇ. ಕಿಡ್ನಿ ಕೆಟ್ಟದ್ದೂ ಇಬ್ಬರಿಗೂ. ಆಸ್ಪತ್ರೆಯ ಹೊಸ ಔಷಧಿಯ ಪ್ರಯೋಗಕ್ಕೆ ಇಬ್ಬರೂ ಸೇರಿದ್ದರು. ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್; ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ.

"ನಿನಗೆ ನೀರೇ ಮಾರಾಯ್ತಿ," ಆಸ್ಪತ್ರೆಯ ಬೆಂಚಿನ ಆ ತುದಿಯಿಂದ ಕುಸುಮ ಚುಚ್ಚಿದಳು. "ಕತ್ತಿ ತಾಗಿ ತಿಂಗಳಾಯ್ತು, ನಿನ್ನ ಬೆರಳು ಇನ್ನೂ ಬಟ್ಟೆ ಸುತ್ತಿಕೊಂಡೇ ಉಂಟು. ನನಗೂ ಕತ್ತಿ ತಾಗಿತ್ತು, ನೋಡು, ನಾಲ್ಕೇ ದಿನಕ್ಕೆ ಮಾಯಿತು. ಔಷಧಿ ಅಂದ್ರೆ ಹೀಗೆ!"

"ನಿನ್ನ ಬಾಯಿಗೂ ಒಂದು ಬಟ್ಟೆ ಸುತ್ತಬೇಕು," ಅಂದಳು ಜಲಜ. ಕಣ್ಣು ಮಾತ್ರ ತುಂಬಿತ್ತು.

ಹೊರಗೆ ಬಂದ ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು: "ಗಾಯ ಮುಚ್ಚು ಅಂತ ದೇಹಕ್ಕೆ ಸಂದೇಶ ಕೊಡುವುದು ಗ್ರೋತ್ ಫ್ಯಾಕ್ಟರ್. ಅದು ನಿಲ್ಲಿಸದೆ ಕೊಡ್ತಾನೇ ಇದ್ದರೆ ಕಿಡ್ನಿಯೊಳಗೆ ಕಲೆ ಕಟ್ಟಿ, ಕಿಡ್ನಿ ಗಟ್ಟಿಯಾಗಿ ಸಾಯ್ತದೆ. ನಮ್ಮ ಔಷಧಿ ಆ ಸಂದೇಶವನ್ನೇ ತಡೀತದೆ. ಅದಕ್ಕೇ, ಕತ್ತಿ ಹಿಡಿಯುವವರು ಜಾಗ್ರತೆ. ಔಷಧಿ ಸಿಕ್ಕವರ ಗಾಯ ಬೇಗ ಮಾಯುವುದಿಲ್ಲ."

ಕುಸುಮ ಮೆಲ್ಲಗೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.