ಎಂಟು ಮಂದಿ ಪಿರೇರಾಗಳು

"ಹೇಳಪ್ಪಾ, ಯಾರು ಹೋದದ್ದು? ಮುಚ್ಚಿಡಬೇಡ!" ಮುದುಕಿ ಗುಮಾಸ್ತನ ಅಂಗಿಯ ತೋಳನ್ನು ಬಿಡಲೇ ಇಲ್ಲ.

"ಗೊತ್ತಿದ್ರೆ ಹೇಳ್ತಿರ್ಲಿಲ್ವೇನಜ್ಜಿ? ಜೀವ ತಿನ್ಬೇಡಿ."

ನಿಜವಾಗಿಯೂ ಗೊತ್ತಿರಲಿಲ್ಲ. ಬೆಳಗ್ಗೆ ಆರಕ್ಕೆ ಮೀನುಗಾರರ ಹಡಗಿನಿಂದ ಬಂದರು ಕಚೇರಿಯ ವೈರ್‌ಲೆಸ್‌ಗೆ ಬಂದದ್ದು ಒಂದೇ ಮಾತು: ಪಿರೇರಾ ಸಮುದ್ರದ ಪಾಲಾದ. ಅಷ್ಟರಲ್ಲಿ ಸಂಪರ್ಕ ಕಡಿದುಹೋಯಿತು.

ಪಿರೇರಾ ಅಂದರೆ ಯಾರೆಂದು ತಿಳಿಯುವುದು? ಆ ಬೀದಿಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಒಬ್ಬ ಪಿರೇರಾನಿಗೆ ತಗಲುತ್ತದೆ. ಗುಮಾಸ್ತನೂ ಪಿರೇರಾನೇ. ಹಡಗು ಹತ್ತಿದವರ ಪಟ್ಟಿ ಬರೆದವನು ಅವನೇ. ಅದರಲ್ಲಿ ಎಂಟು ಮಂದಿ ಪಿರೇರಾಗಳು. ಅಷ್ಟೂ ಮನೆಯ ಹೆಂಗಸರು ಈಗ ಅವನ ಮೇಜಿನ ಸುತ್ತ ನಿಂತಿದ್ದರು.

ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೋಡುವುದಾದರೂ ಹೇಗೆ? ನನ್ನವನು ಬದುಕಿರಲಿ ಎಂದು ಬೇಡಿಕೊಂಡರೆ, ಪಕ್ಕದವಳ ಗಂಡ ಸಾಯಲಿ ಎಂದಂತೆಯೇ. ತುಂಬು ಬಸುರಿಯೊಬ್ಬಳು ತುಟಿ ಕಚ್ಚಿ ಅಳು ನುಂಗುತ್ತಿದ್ದಳು. ಮುದುಕಿಗಂತೂ ಹಡಗಿನಲ್ಲಿ ಇಬ್ಬರು ಮಕ್ಕಳು.

ಗುಮಾಸ್ತನಿಗೆ ಅವರನ್ನು ಕಂಡು ಮರುಕವಾಯಿತು. ಜೊತೆಗೆ, ಬಾಯಿಬಿಟ್ಟು ಹೇಳಲಾಗದ ನೆಮ್ಮದಿಯೂ. ಅವನ ಒಬ್ಬನೇ ಮಗ ಕಡಲಿಗೆ ಹೋಗುತ್ತೇನೆಂದು ಹಟ ಹಿಡಿದಾಗ, ಕೆನ್ನೆಗೆ ಬಾರಿಸಿ ಮುದ್ರಣಾಲಯದ ಕೆಲಸಕ್ಕೆ ಹಚ್ಚಿದ್ದ. ಮಗ ಮುನಿಸಿಕೊಂಡು, ಸೋದರತ್ತೆಯ ಮನೆಗೆ ಹೋಗುತ್ತೇನೆಂದು ಗಂಟುಮೂಟೆ ಕಟ್ಟಿದ್ದ. ಹೋಗಲಿ, ಕೋಪ ಇಳಿದ ಮೇಲೆ ತಾನೇ ಬರುತ್ತಾನೆ.

"ನೀನೇ ಪುಣ್ಯವಂತ ಕಣಪ್ಪಾ, ಮಗನ್ನ ನೆಲದ ಮೇಲೆ ಉಳಿಸ್ಕೊಂಡೆ," ಎಂದಳು ಮುದುಕಿ. ಅದು ಚುಚ್ಚುಮಾತಲ್ಲ, ಹೊಟ್ಟೆಯ ಸಂಕಟ.

ಹತ್ತೂವರೆಗೆ ವೈರ್‌ಲೆಸ್ ಗರಗರ ಅಂದಿತು. ಗುಮಾಸ್ತ ಕಿವಿಗೆ ಹೆಡ್‌ಫೋನ್ ಏರಿಸಿ ಬರೆದುಕೊಳ್ಳತೊಡಗಿದ. ಅರ್ಧಕ್ಕೇ ತಡೆಯಲಾರದೆ ಕೂಗಿಬಿಟ್ಟ.

"ಎಂಟೂ ಜನ ಬದುಕಿದಾರೆ! ಕೇಳಿಸ್ತಾ? ಎಂಟೂ ಜನ! ಸತ್ತೋನು ನಮ್ಮ ಪಟ್ಟೀಲೇ ಇಲ್ಲ. ಹಡಗು ಬಿಡೋ ಹೊತ್ತಿಗೆ ಓಡಿಬಂದು ಹತ್ತಿದ ಯಾರೋ ಹೊಸಬನಂತೆ!"

ಹೆಂಗಸರೆಲ್ಲ ಒಮ್ಮೆಗೇ ಗೋಳೋ ಎಂದು ಅತ್ತರು, ನಕ್ಕರು. ಬಸುರಿ ಕುಸಿದು ಕುಳಿತಳು. ಮುದುಕಿ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಗುಮಾಸ್ತ ಉಳಿದ ಸಾಲನ್ನು ಬರೆದು ಮುಗಿಸಿದ. ಆಮೇಲೆ ಅಲುಗಾಡದೆ ಕುಳಿತ.

"ಅಯ್ಯೋ, ಯಾವ ತಾಯಿ ಹೆತ್ತ ಮಗನೋ ಪಾಪ," ಎಂದು ಮುದುಕಿ ಕಣ್ಣೊರೆಸಿಕೊಂಡಳು. "ಹೆಸರೇನಂತಪ್ಪಾ?"

ಹತ್ತೊಂಬತ್ತು ವರ್ಷದ ಹಿಂದೆ, ಬೇರೆ ಯಾರ ಮಾತನ್ನೂ ಕೇಳದೆ, ಆ ಹೆಸರನ್ನು ಇಟ್ಟವನು ಗುಮಾಸ್ತನೇ.